ಎರೆಜೆಪ್ ಮನೆಯ ನಿಂಬೆಯನ್ನು ಕೊಂದವರು ಯಾರು?

ಬೆಳಿಗ್ಗೆ ಐಸಾನೆಮ್ ಪರದೆ ಸರಿಸಿದಾಗ ನಿಂಬೆ ಗಿಡದಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಎಲ್ಲ ನೆಲದ ಮೇಲಿದ್ದವು—ಅಂಚು ಸುಟ್ಟು, ಮುದುರಿಕೊಂಡು.

"ಅತ್ತೆ," ಎಂದು ಮೆಲ್ಲಗೆ ಕರೆದಳು. ಬಂದವರು ಮಾತ್ರ ಮಾವ.

ಎರೆಜೆಪ್ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತರು. ಕಾಂಡವನ್ನು ಉಗುರಿನಿಂದ ಕೆರೆದರು. ಒಳಗೆ ಹಸಿರಿಲ್ಲ. ಮಣ್ಣಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದ್ದನ್ನು ಬೆರಳಿಗೆ ತಾಗಿಸಿ ನಾಲಿಗೆಗೆ ಇಟ್ಟರು.

"ಉಪ್ಪು," ಎಂದರು. "ಯಾವ ನೀರು ಹಾಕಿದೆ ಇದಕ್ಕೆ?"

ಐಸಾನೆಮ್ ತಲೆ ತಗ್ಗಿಸಿದಳು. ನುಕುಸ್ ಊರಿನಲ್ಲಿ ಮಾವನ ಮುಖಕ್ಕೆ ಮುಖ ಕೊಟ್ಟು ಮಾತಾಡುವ ಸೊಸೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಆ ಮನೆಗೆ ಬಂದಿರಲಿಲ್ಲ.

ಎರೆಜೆಪ್ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಊರಿನ ನಲ್ಲಿಯಲ್ಲಿ ಬರುವ ಸವಳು ನೀರನ್ನು ನಿಂಬೆಗೆ ಅವರು ಎಂದೂ ಮುಟ್ಟಿಸಿದವರಲ್ಲ. ಚಳಿಗಾಲ ಪೂರ್ತಿ ಬಾಲ್ಕನಿಯಲ್ಲಿ ಬೋಗುಣಿ ತುಂಬ ನಲ್ಲಿ ನೀರಿಡುವರು. ಸುತ್ತ ಮಂಜುಗಡ್ಡೆ ಕಟ್ಟಿದಾಗ, ನಡುವೆ ಹೆಪ್ಪುಗಟ್ಟದೆ ಉಳಿದ ನೀರನ್ನು ಚೆಲ್ಲಿಬಿಡುವರು. ಉಪ್ಪೆಲ್ಲ ಅದರಲ್ಲೇ. ಗಡ್ಡೆಯನ್ನು ಕರಗಿಸಿ ಜಾಡಿಯಲ್ಲಿ ತುಂಬಿ, ಕೋಣೆಯ ಬಿಸಿಗೆ ಬಂದ ಮೇಲೆ ಗಿಡಕ್ಕೆ. ಸೊಂಟ ನೋವು ಬಂದ ಮೇಲೆ ಹಾಕುವ ಕೆಲಸ ಮಾತ್ರ ಸೊಸೆಯದು. ಆ ಗಿಡದ ಹಣ್ಣೇ ಮೊಮ್ಮಗ ಎಲ್ಮುರಾತ್‌ನ ಕೆಮ್ಮಿಗೆ ಚಹಾದಲ್ಲಿ ಬೀಳುತ್ತಿದ್ದುದು.

"ಚೆಲ್ಲೋ ನೀರನ್ನ ನೆಲ ಒರೆಸೋ ಬಕೆಟ್‌ಗೆ ಹಾಕಿಡ್ತೀನಿ. ನೀನು ಜಾಡಿ ಎತ್ತೋಕೆ ಸೋಮಾರಿತನ ಪಟ್ಟು ಬಕೆಟ್ ನೀರು ಸುರಿದಿದ್ದೀಯ. ಹೌದೋ ಅಲ್ವೋ?"

"ಇಲ್ಲ, ಮಾವ."

"ಮತ್ತೆ ಉಪ್ಪೇನು ಆಕಾಶದಿಂದ ಉದುರಿತಾ? ಗಿಡಕ್ಕೆ ನೀರು ಹಾಕೋಕೆ ಬಾರದವಳು ಮಗೂನ ಏನು ನೋಡ್ತೀಯ? ಗಂಟು ಕಟ್ಟು. ನಾಳೆ ತವರಿಗೆ ಹೊರಡು. ಹುಡುಗ ಇಲ್ಲೇ ಇರ್ತಾನೆ."

ಐಸಾನೆಮ್ ಗಂಡನನ್ನು ನೆನೆದಳು. ಅವನು ದೂರದ ಉಸ್ತ್ಯುರ್ತ್ ಬಯಲಿನ ಗ್ಯಾಸ್ ಬಾವಿಯ ಪಾಳಿಯಲ್ಲಿದ್ದ. ಫೋನಿಗೂ ಸಿಗುವುದಿಲ್ಲ. ಒಳಕೋಣೆಯಲ್ಲಿ ಮಗು ಕೆಮ್ಮುತ್ತಿತ್ತು. ಅತ್ತೆ ಬಿಬಿಸಾರ ಬಾಗಿಲ ಬಳಿ ನಿಂತು ತಲೆವಸ್ತ್ರದ ತುದಿ ಹಿಂಡುತ್ತಿದ್ದರು. ಅವರಾದರೂ ಒಂದು ಮಾತು ಆಡಬಾರದೇ? ಆಡಲಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು.

ಬಂದವರು ಕೆಳಗಿನ ಮನೆಯ ಗುಲ್ಪರ್ಶಿನ್. ಪೊಲೀಸಿನಲ್ಲಿ ತನಿಖಾಧಿಕಾರಿಯಾಗಿದ್ದ ಹೆಂಗಸು. ಕೆಲಸದಿಂದ ನಿವೃತ್ತಿಯಾದರೂ ವಾಸನೆ ಹಿಡಿಯುವ ಮೂಗು ನಿವೃತ್ತಿಯಾಗಿರಲಿಲ್ಲ.

"ಕೂಗಾಟ ಕೇಳಿ ಯಾರೋ ಸತ್ತರು ಅಂದ್ಕೊಂಡೆ."

"ಸತ್ತಿದೆ," ಎಂದರು ಎರೆಜೆಪ್. "ನನ್ನ ನಿಂಬೆ. ಕೊಂದವಳು ಇಲ್ಲೇ ನಿಂತಿದ್ದಾಳೆ."

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋದು ನಮ್ಮ ಇಲಾಖೆಯೋರ ಕೆಲಸ, ನಿಮಗ್ಯಾಕೆ? ಸ್ವಲ್ಪ ಸರೀರಿ, ನೋಡ್ತೀನಿ."

ಆಕೆ ಜಾಡಿಯ ನೀರನ್ನು ಬಟ್ಟಲಿಗೆ ಬಗ್ಗಿಸಿ ಕುಡಿದರು. ಸಿಹಿ. ಬಕೆಟ್ಟಿನದನ್ನು ನಾಲಿಗೆಗೆ ತಾಗಿಸಿ ಮುಖ ಕಿವುಚಿದರು. ಆಮೇಲೆ ಕಿಟಕಿಯ ಕಟ್ಟೆಯ ಮೇಲಿದ್ದ ಜೆರೇನಿಯಂ ಹೂಕುಂಡಗಳ ಮಣ್ಣನ್ನು ಒಂದೊಂದಾಗಿ ಬೆರಳಲ್ಲಿ ಕೆದಕಿದರು.

"ಮಗಳೇ, ಇವಕ್ಕೆ ಯಾವ ನೀರು?"

"ಅದೇ ಜಾಡೀದು, ಅಪಾ. ಮೊದಲು ನಿಂಬೆಗೆ, ಉಳಿದದ್ದು ಇವಕ್ಕೆ." ಕೆಳಗಿನ ಮನೆಯ ಹಿರಿಯಕ್ಕನನ್ನು ಅವಳು ಅಪಾ ಎಂದೇ ಕರೆಯುತ್ತಿದ್ದಳು.

"ಇವು ಮದುಮಗಳ ಹಾಗೆ ನಗ್ತಾ ಇವೆ. ಬಕೆಟ್ ನೀರು ಹಾಕೋಳಾಗಿದ್ರೆ ಇವಕ್ಕೂ ಹಾಕ್ತಿದ್ದಳು ತಾನೇ, ಎರೆಜೆಪ್? ಸೋಮಾರಿತನ ಕುಂಡ ನೋಡಿ ಬರುತ್ತಾ?"

"ನಿಂಬೆಗೆ ನೀರು ಜಾಸ್ತಿ ಬೇಕು. ಅದಕ್ಕೇ ಅದೊಂದಕ್ಕೆ ಮೋಸ."

"ಇರಬಹುದು. ನೀನು ಹೇಗೆ ಹಾಕ್ತೀಯ, ಮಗಳೇ? ತೋರಿಸು."

ಐಸಾನೆಮ್ ಉದ್ದ ಮೂತಿಯ ಹೂಜಿ ಹಿಡಿದು ಕಿಟಕಿಯ ಬದಿಯಲ್ಲಿ ನಿಂತು, ಕುಂಡದ ಸುತ್ತ ಕೈ ಆಡಿಸಿ ತೋರಿಸಿದಳು.

ಗುಲ್ಪರ್ಶಿನ್ ಮಂಡಿಯೂರಿ ಕೂತರು. ಬಿಳಿ ಹೆಪ್ಪು ಕುಂಡದ ಸುತ್ತ ಇರಲಿಲ್ಲ. ಇದ್ದದ್ದು ಒಂದೇ ಕಡೆ—ಗೋಡೆಯ ಬದಿಗೆ, ಒಳಕೋಣೆಯಿಂದ ಬರುವವರ ಕೈಗೆ ಸಿಗುವ ಜಾಗದಲ್ಲಿ. ಅದರೊಳಗಿಂದ ಏನನ್ನೋ ಹೆಕ್ಕಿ ಅಂಗೈಯಲ್ಲಿಟ್ಟುಕೊಂಡರು. ಕರಗದೆ ಉಳಿದ ಒಂದು ಹರಳು.

"ಬಿಬಿಸಾರ, ಅಡುಗೆಗೆ ಯಾವ ಉಪ್ಪು ಹಾಕ್ತೀರಿ?"

"ಅಂಗಡೀದು. ಪುಡಿ."

"ಕಲ್ಲುಪ್ಪು ಇದೆಯಾ?"

"ಮಾಂಸ ಒಣಗಿಸೋಕೆ ಇಟ್ಟಿರ್ತೀವಲ್ಲ. ಎಲ್ಲರ ಮನೇಲೂ ಇರುತ್ತೆ."

"ಇರುತ್ತೆ," ಎಂದು ಗುಲ್ಪರ್ಶಿನ್ ಒಪ್ಪಿಕೊಂಡರು. "ಎರೆಜೆಪ್, ನೀವು ಮನೇಲಿ ಇಲ್ಲದೆ ಇರೋದು ಯಾವಾಗ?"

"ಬುಧವಾರ ಮಧ್ಯಾಹ್ನ. ಚಹಾ ಅಂಗಡೀಲಿ ಚದುರಂಗ."

"ಬುಧವಾರ ನೀನೆಲ್ಲಿರ್ತೀಯ, ಮಗಳೇ?"

"ಮಗೂಗೆ ಔಷಧಿ ತರೋಕೆ ಹೋಗ್ತೀನಿ, ಅಪಾ. ದೊಡ್ಡ ಸಾಲು ಇರುತ್ತೆ."

"ಮಗು ಹೇಗಿದೆ?"

ಐಸಾನೆಮ್ ಒಳಕೋಣೆಯ ಕಡೆ ತಿರುಗಿದಳು. "ಹಾಗೇ ಇದೆ. ಡಾಕ್ಟರು ಗಾಳಿ ಬದಲಾಯಿಸಿ ಅಂತಾರೆ. ಗಾಳಿ ಎಲ್ಲಿಂದ ತರೋದು?"

ಬತ್ತಿದ ಸಮುದ್ರದ ಕಡೆಯಿಂದ ಬೀಸುವ ಉಪ್ಪುಧೂಳಿನ ಗಾಳಿಗೆ ಕಿಟಕಿಯ ಗಾಜು ಆಗಲೇ ಮಂಕಾಗಿತ್ತು.

ಗುಲ್ಪರ್ಶಿನ್ ಎದ್ದು ಕುರ್ಚಿಯಲ್ಲಿ ಕೂತರು. ಸಾಮಾನ್ಯವಾಗಿ ಇಂಥ ಹೊತ್ತಿಗೆ ಅವರ ಕಣ್ಣು ಮಿನುಗುವುದು. ಇವತ್ತು ಮಿನುಗಲಿಲ್ಲ.

"ಎರೆಜೆಪ್, ನಿಮ್ಮ ಲೆಕ್ಕ ಎಲ್ಲಿ ತಪ್ಪಿತು ಗೊತ್ತಾ? ನೀವು ನೀರು ನೋಡಿದಿರಿ. ಉಪ್ಪು ನೋಡಲಿಲ್ಲ. ಬಕೆಟ್ ನೀರು ಹಾಕಿದ್ರೆ ಸುಣ್ಣದ ಹಾಗೆ ತೆಳ್ಳಗೆ ಪೊರೆ ಕಟ್ಟುತ್ತೆ. ಹರಳು ಸಿಗಲ್ಲ. ಯಾರೋ ನೀರಿಗೆ ಕಲ್ಲುಪ್ಪು ಬೆರೆಸಿ, ಬಟ್ಟಲಲ್ಲಿ ತಂದು, ಒಂದೇ ಜಾಗಕ್ಕೆ ಹಾಕಿದ್ದಾರೆ. ಒಂದು ಸಲ ಅಲ್ಲ. ಪದರ ಪದರವಾಗಿದೆ."

"ನನ್ನ ಗಿಡದ ಮೇಲೆ ಯಾರಿಗೆ ಅಷ್ಟು ದ್ವೇಷ?"

"ದ್ವೇಷ ಇದ್ದೋರು ಒಂದೇ ಸಲಕ್ಕೆ ಮುಗಿಸ್ತಾರೆ. ವಾರ ವಾರ ಬಟ್ಟಲು ಹಿಡ್ಕೊಂಡು ಬರಲ್ಲ. ಬೇರೆ ಪ್ರಶ್ನೆ ಕೇಳ್ಕೊಳ್ಳಿ. ಉಪ್ಪುನೀರು ಬೇಡ ಅಂದ್ರೆ ಮೋರಿಗೆ ಚೆಲ್ಲಬಹುದು. ಮೋರಿಗೆ ಚೆಲ್ಲಬಾರದ ಉಪ್ಪುನೀರು ಯಾವುದು?"

ಐಸಾನೆಮ್ ತಲೆ ಎತ್ತಿದಳು. ಅವಳಿಗೆ ಹೊಳೆದುಬಿಟ್ಟಿತು. ಹೊಳೆಯದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

"ನಿವಾಳಿಸಿದ ನೀರು," ಎಂದರು ಗುಲ್ಪರ್ಶಿನ್. "ಮಗುವಿನ ತಲೆ ಸುತ್ತ ಉಪ್ಪು ನಿವಾಳಿಸಿ ನೀರಿಗೆ ಹಾಕಿದ ಮೇಲೆ ಅದನ್ನ ಹೊಲಸಿಗೆ ಚೆಲ್ಲಬಾರದು. ಕಾಲು ತುಳಿಯೋ ಕಡೆ ಚೆಲ್ಲಬಾರದು. ಮರದ ಬುಡಕ್ಕೇ ಹಾಕಬೇಕು. ನಾಲ್ಕನೇ ಮಹಡೀಲಿ ಮರ ಎಲ್ಲಿದೆ? ಹೂಗಿಡ ಮರ ಆಗಲ್ಲ. ಈ ಮನೇಲಿ ಇದ್ದ ಮರ ಇದೊಂದೇ. ಇನ್ನೊಂದು ಮಾತು. ಬುಧವಾರ ಮಧ್ಯಾಹ್ನ ಮಗುವಿನ ಜೊತೆ ಈ ಮನೇಲಿ ಉಳಿಯೋರು ಒಬ್ಬರೇ."

ಮೂವರೂ ಬಾಗಿಲ ಕಡೆ ನೋಡಿದರು.

ಬಿಬಿಸಾರ ತಲೆವಸ್ತ್ರದ ತುದಿ ಬಿಟ್ಟರು.

"ನಮ್ಮೂರಲ್ಲಿ ಜಿಂಗಿಲ್ ಪೊದೆಗೆ ಹಾಕ್ತಿದ್ವಿ," ಎಂದರು. "ಅದು ಉಪ್ಪು ಕುಡಿದೇ ಬೆಳೆಯುತ್ತೆ, ಅದಕ್ಕೆ ಏನೂ ಆಗ್ತಿರಲಿಲ್ಲ. ಇದಕ್ಕೂ ಆಗಲ್ಲ ಅಂದ್ಕೊಂಡೆ. ಮೊದಲು ಒಂದು ಚಿಟಿಕೆ ತಗೊಳ್ತಿದ್ದೆ. ಹುಡುಗನಿಗೆ ಉಸಿರು ಹಿಡಿಯೋದು ಜಾಸ್ತಿ ಆಯ್ತು. ಮುಷ್ಟಿ ಮಾಡಿದೆ."

"ಉಪ್ಪಿಗೆ ಉಸಿರು ಕೊಡೋ ಶಕ್ತಿ ಇದ್ದಿದ್ರೆ ಈ ಊರಲ್ಲಿ ಯಾರಿಗೂ ಕೆಮ್ಮೇ ಬರ್ತಿರಲಿಲ್ಲ!" ಎರೆಜೆಪ್ ಗುಡುಗಿದರು.

"ಗೊತ್ತು, ಹೀಗೇ ನಗ್ತೀರಿ ಅಂತ. ಅದಕ್ಕೇ ಹೇಳಲಿಲ್ಲ."

"ನಾನು ಈ ಹುಡುಗೀನ ಮನೆಯಿಂದ ಕಳಿಸ್ತಾ ಇದ್ದೆ. ನೀನು ನೋಡ್ತಾ ನಿಂತಿದ್ದೆ."

"ಬಾಯಿಬಿಟ್ಟು ಹೇಳಿದ್ರೆ ನಿವಾಳಿಸಿದ್ದು ಫಲಿಸಲ್ಲ. ನನ್ನ ತಾಯಿ ಹಾಗೇ ಹೇಳಿದ್ದು. ಹೇಳಿ, ಹುಡುಗನಿಗೆ ಏನಾದ್ರೂ ಆಗಿದ್ರೆ?" ಅವರು ಸೊಸೆಯ ಕಡೆ ತಿರುಗಿದರು. "ಒಂದು ಕೈಲಿ ನೀನು, ಒಂದು ಕೈಲಿ ಅವನು. ಏನು ಮಾಡಲಿ, ಮಗಳೇ? ನಿನ್ನ ಕೈ ಬಿಟ್ಟೆ."

ಐಸಾನೆಮ್‌ಗೆ ಸಿಟ್ಟು ಬರಬೇಕಿತ್ತು. ಹೊಟ್ಟೆಯಲ್ಲಿ ಹುಡುಕಿದರೂ ಸಿಗಲಿಲ್ಲ. ಅತ್ತೆಯ ಜಾಗದಲ್ಲಿ ತಾನಿದ್ದರೂ ಅದನ್ನೇ ಮಾಡುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು. ಅದು ಗೊತ್ತಿರುವುದೇ ದೊಡ್ಡ ಸಂಕಟವಾಗಿತ್ತು.

"ಗಿಡ ಉಳಿಯುತ್ತಾ?" ಎಂದು ಗುಲ್ಪರ್ಶಿನ್ ಕೇಳಿದರು.

"ಮಣ್ಣು ತೊಳೀಬೇಕು. ಸಿಹಿನೀರಲ್ಲಿ, ಕೊಡಗಟ್ಟಲೆ," ಎಂದರು ಎರೆಜೆಪ್. "ಅಷ್ಟು ಸಿಹಿನೀರು ಈ ಊರಲ್ಲಿ ಎಲ್ಲಿದೆ? ಇದ್ದರೂ ಬೇರು ಸತ್ತ ಮೇಲೆ ಏನು ಮಾಡೋದು."

ಗುಲ್ಪರ್ಶಿನ್ ಎದ್ದು ಶಾಲು ಹೊದ್ದುಕೊಂಡರು. ಕಳ್ಳರನ್ನು ಹಿಡಿದಾಗ ಯಾರನ್ನಾದರೂ ಕರೆದುಕೊಂಡು ಹೋಗುವ ಅಭ್ಯಾಸ ಅವರದು. ಇಲ್ಲಿ ಕರೆದುಕೊಂಡು ಹೋಗುವಂಥವರು ಯಾರೂ ಇರಲಿಲ್ಲ. ಬಾಗಿಲು ಎಳೆದುಕೊಂಡು ಇಳಿದು ಹೋದರು.

ಒಳಗೆ ಕೆಮ್ಮು ಮತ್ತೆ ಶುರುವಾಯಿತು. ಈ ಸಲ ಬೇಗ ನಿಲ್ಲಲಿಲ್ಲ. ಐಸಾನೆಮ್ ಓಡಿಹೋಗಿ ಮಗುವನ್ನು ಎತ್ತಿಕೊಂಡು ಬಂದಳು. ಸಣ್ಣ ಎದೆ ಗೂಡಿನೊಳಗೆ ಸಿಳ್ಳೆ ಹಾಕಿದಂತೆ ಸದ್ದು. ಔಷಧಿ ಕುಡಿಸಿ ಆಗಿತ್ತು. ಬೆನ್ನು ಉಜ್ಜುವುದು ಬಿಟ್ಟು ಮಾಡುವುದಕ್ಕೆ ಬೇರೇನೂ ಇರಲಿಲ್ಲ.

ಎರೆಜೆಪ್ ಗುಲ್ಪರ್ಶಿನ್ ಬಿಟ್ಟ ಕುರ್ಚಿಯಲ್ಲಿ ಕೂತರು.

"ಇವತ್ತು ಬುಧವಾರ," ಎಂದರು ಕೊನೆಗೆ, ಯಾರ ಮುಖವನ್ನೂ ನೋಡದೆ. "ನಿವಾಳಿಸಿದೆಯಾ?"

"ಇಲ್ಲ," ಎಂದರು ಬಿಬಿಸಾರ. "ನೀವು ಇನ್ನೂ ಮನೇಲೇ ಇದ್ದೀರಲ್ಲ."

"ನಿವಾಳಿಸು."

ಬಿಬಿಸಾರ ಉಪ್ಪು ತಂದರು. ಮೊಮ್ಮಗನ ತಲೆ ಸುತ್ತ ಮುಷ್ಟಿ ಸುತ್ತಿಸಿದರು. ತುಟಿ ಅಲ್ಲಾಡಿತು, ಮಾತು ಕೇಳಿಸಲಿಲ್ಲ. ಬಟ್ಟಲಿನ ನೀರಿಗೆ ಉಪ್ಪು ಬಿದ್ದ ಮೇಲೆ ಅದನ್ನು ಹಿಡಿದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಡುಕೋಣೆಯಲ್ಲೇ ನಿಂತುಬಿಟ್ಟರು.

ಐಸಾನೆಮ್ ಮಗುವನ್ನು ಮಾವನ ತೊಡೆಯ ಮೇಲೆ ಕೂರಿಸಿದಳು. ಅತ್ತೆಯ ಕೈಯಿಂದ ಬಟ್ಟಲು ತೆಗೆದುಕೊಂಡಳು. ಕುಂಡದ ಬಳಿ ಹೋಗಿ, ಆ ನೀರನ್ನು ನಿಂಬೆಯ ಬುಡಕ್ಕೆ ಪೂರ್ತಿ ಸುರಿದಳು. ಮಾವ ನೋಡುತ್ತಿದ್ದರು, ಬೇಡವೆನ್ನಲಿಲ್ಲ.