ಖಾಲಿ ಹಾಸಿಗೆಯ ಉಸಿರು

ಊಟದ ಡಬ್ಬಿಯಲ್ಲಿ ಹೆಪ್ಪುಗಟ್ಟಿದ್ದ ಕುರಿಕೊಬ್ಬನ್ನು ಕ್ಯಾಪ್ಟನ್ ನರ್ಮಂದಾಖ್ ಚಮಚದಿಂದ ಕೆರೆದು ಬದಿಗೆ ಸರಿಸುತ್ತಿದ್ದಳು. ಅರ್ಧ ತೆಗೆಯುವಷ್ಟರಲ್ಲಿ ಕಾನ್‌ಸ್ಟೆಬಲ್ ಚೋಯ್ಜಿಲ್ ಒಬ್ಬ ಹೆಂಗಸನ್ನು ಒಳಗೆ ಕರೆತಂದ. ಮಂಗೋಲಿಯಾದ ಉಲಾನ್‌ಬಾತರ್, ಪೊಲೀಸ್ ಠಾಣೆ, ಫೆಬ್ರವರಿ ಹನ್ನೊಂದು, ಮಧ್ಯಾಹ್ನ.

ಹೆಂಗಸಿನ ಹೆಸರು ತ್ಸೆಂಡ್‌ಸುರೆನ್. ಉಣ್ಣೆ ಕಾರ್ಖಾನೆಯ ಕೆಲಸ. ಕಣ್ಣು ಹಳದಿಯಾಗಿತ್ತು, ಹೊಟ್ಟೆ ಊದಿತ್ತು.

"ಕೂತ್ಕೊಳ್ಳಿ ಅಕ್ಕ."

"ಕೂತ್ರೆ ಹೊಟ್ಟೆ ಒತ್ತುತ್ತೆ ತಂಗಿ. ನಿಂತೇ ಹೇಳ್ತೀನಿ."

ಅವಳ ಲಿವರ್‌ನ ಕ್ಯಾನ್ಸರ್ ಗೆಡ್ಡೆಯನ್ನು ಖಾಸಗಿ ಆಸ್ಪತ್ರೆಯ ಡಾಕ್ಟರ್ ಗಂತೊಮೊರ್ ಶರತ್ಕಾಲದಲ್ಲಿ ಸೂಜಿ ಚುಚ್ಚಿ ಸುಟ್ಟಿದ್ದ. ಆಮೇಲೆ ಎರಡು ಸಲ ತೋಳಿಗೆ ಸಣ್ಣ ಗಾಳಿಗುಳ್ಳೆಗಳಿರುವ ಔಷಧಿ ಚುಚ್ಚಿ ಅಲ್ಟ್ರಾಸೌಂಡ್ ಮಾಡಿ, ಪರದೆಯನ್ನು ಅವಳತ್ತ ತಿರುಗಿಸಿ, "ಸತ್ತಿದೆ" ಎಂದಿದ್ದ. ಕಳೆದ ವಾರ ಸರ್ಕಾರಿ ಆಸ್ಪತ್ರೆಯಲ್ಲಿ ನೋಡಿದರೆ ಗೆಡ್ಡೆ ಬದುಕಿತ್ತು, ಬೆಳೆದೂ ಇತ್ತು.

"ಡಾಕ್ಟರಿಗೆ ತಪ್ಪಾಗಿರಬಹುದಲ್ಲ?"

"ಇರಬಹುದು."

"ಸ್ಕ್ಯಾನ್ ಹೇಗೆ ಮಾಡಿದ್ರು?"

"ಉಸಿರು ಹಿಡಿ ಅಂದ್ರು. ಮುಖ ಕೆಂಪಾಗೋವರೆಗೂ ಹಿಡಿದೆ. ಪರದೇಲಿ ನನ್ನ ಲಿವರ್ ಮಾತ್ರ ಆರಾಮಾಗಿ ಮೇಲೆ ಕೆಳಗೆ ಆಡ್ತಿತ್ತು. ನನ್ನ ಗಂಡನ ಹಾಗೆ ಮಾತೇ ಕೇಳಲ್ವಲ್ಲ ಅಂತ ನಗು ಬಂತು."

ನರ್ಮಂದಾಖ್ ಬರೆಯುವುದನ್ನು ನಿಲ್ಲಿಸಿದಳು. "ಯಾಕೆ ಅಂತ ಕೇಳಲಿಲ್ವಾ?"

"ಒಳ್ಳೇ ಸುದ್ದೀನ ಕೆದಕಿದ್ರೆ ಕೆಟ್ಟದ್ದು ಬರುತ್ತೆ ಅಂತಾರಲ್ಲ. ಎರಡೂ ಕೈಯಲ್ಲಿ ಗೌರವದ ನೀಲಿ ಶಾಲು ಹಿಡಿದು ಅವರಿಗೆ ಕೊಟ್ಟೆ, ಬಗ್ಗಿ ನಮಸ್ಕಾರ ಮಾಡಿ ಬಂದೆ." ಮೇಜು ಹಿಡಿದುಕೊಂಡಳು. "ನಂಗೆ ಒಂದೇ ಗೊತ್ತಾಗ್ಬೇಕು. ಇನ್ನೂ ಕಾಲ ಇದೆಯಾ? ಇದ್ರೆ ಇಲ್ಲೇ ಆಸ್ಪತ್ರೇಲಿ ಬಿದ್ದಿರ್ತೀನಿ. ಇಲ್ದಿದ್ರೆ, ಕುರಿ ಮರಿ ಹಾಕೋ ಹೊತ್ತಿಗೆ ಹಳ್ಳೀಲಿ ನಮ್ಮಕ್ಕನ ಹತ್ರ ಇರ್ಬೇಕು. ಯಾರ್ನ ಕೇಳಿದ್ರೂ ನಗ್ತಾ ಮಾತು ಮರೆಸ್ತಾರೆ."

ಎಫ್‌ಐಆರ್ ದಾಖಲಾಯಿತು.

ಮರುದಿನ ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಎನೆರೆಲ್ ವಿವರಿಸಿದಳು. ಔಷಧಿಯ ಗುಳ್ಳೆಗಳು ರಕ್ತದಲ್ಲಿ ಹರಿಯುತ್ತವೆ. ಬದುಕಿರುವ ಗೆಡ್ಡೆ ಅವನ್ನು ಕುಡಿದು ಬೆಳಗುತ್ತದೆ, ಸತ್ತದ್ದು ಕಪ್ಪಾಗಿಯೇ ಉಳಿಯುತ್ತದೆ.

"ಉಸಿರು ಹಿಡಿದಾಗ ಲಿವರ್ ಆಡುತ್ತಾ?"

"ನಿಲ್ಲುತ್ತೆ. ಆಡ್ತಿದ್ರೆ ಅದು ಅವಳದ್ದಲ್ಲ."

"ಅವಳಿಗೆ ಈಗ ಚಿಕಿತ್ಸೆ?"

ಡಾಕ್ಟರ್ ಇಲ್ಲವೆಂದು ತಲೆಯಾಡಿಸಿದಳು. ರೋಗ ರಕ್ತನಾಳಕ್ಕೆ ಇಳಿದಿತ್ತು. ಮೊದಲ ಸ್ಕ್ಯಾನಿನಲ್ಲೇ ನಿಜ ಹೇಳಿದ್ದರೆ ಮತ್ತೊಮ್ಮೆ ಸುಡಬಹುದಿತ್ತು.

ಹೊರಗೆ ಕಾರಿಡಾರಿನಲ್ಲಿ ತ್ಸೆಂಡ್‌ಸುರೆನ್‌ಳ ಮಗ ಸೋದ್ನೋಮ್ ಕಾದಿದ್ದ. "ಮೇಡಂ, ಅಮ್ಮಂಗೆ ಹೇಳ್ಬೇಡಿ. ವಸಂತದಲ್ಲಿ ಮತ್ತೆ ಸುಡ್ತಾರೆ ಅಂತ ಹೇಳಿದೀವಿ. ನೆಮ್ಮದಿಯಾಗಿರ್ಲಿ." ನರ್ಮಂದಾಖ್ ಆಗಲಿ ಎಂದು ತಲೆಯಾಡಿಸಿದಳು.

ಗಂತೊಮೊರ್‌ನ ಆಸ್ಪತ್ರೆಗೆ ಅವಳೂ ಚೋಯ್ಜಿಲ್‌ನೂ ಇಬ್ಬರು ಪಂಚರೊಂದಿಗೆ ಹೋದರು. ಗೋಡೆಯ ತುಂಬ ರೋಗಿಗಳು ಕೊಟ್ಟ ನೀಲಿ ರೇಷ್ಮೆ ಶಾಲುಗಳು. ಬಾಲ್ಕನಿಯಲ್ಲಿ ಅವರೇ ಕೊಯ್ದು ತಂದ ಇಡೀ ಇಡೀ ಕುರಿಗಳು ಸಾಲಾಗಿ ಮಂಜುಗಟ್ಟಿ ನಿಂತಿದ್ದವು. ಸತ್ತವರ ಮನೆಯ ಮಾಂಸ, ಎಂದು ಅಸಹ್ಯಪಟ್ಟು ನರ್ಮಂದಾಖ್ ಬಾಲ್ಕನಿಯ ಬಾಗಿಲನ್ನು ಎಳೆದು ಮುಚ್ಚಿದಳು.

ಸಹಾಯಕಿ ಮಿಚಿದ್ಮಾಳನ್ನು ಯಂತ್ರದ ಮುಂದೆ ಕೂರಿಸಿದಳು. "ದಿನಾ ಮಾಡೋ ಹಾಗೇ ಮಾಡು."

"ಪೇಷಂಟ್ ಇಲ್ವಲ್ಲ ಮೇಡಂ?"

"ಇಲ್ದಿದ್ರೆ ಬೇಡ. ಮಾಡು."

ಹುಡುಗಿ ಡಾಕ್ಟರನ್ನು ನೋಡಿದಳು. ಡಾಕ್ಟರ್ ಕಿಟಕಿ ನೋಡಿದ. ಅವಳು ಗುಂಡಿ ಒತ್ತಿದಳು.

ಹಾಸಿಗೆ ಖಾಲಿಯಾಗಿತ್ತು. ಮೈಗೆ ಒತ್ತಿ ಹಿಡಿಯುವ ಉಪಕರಣ ಕೊಕ್ಕೆಯಲ್ಲೇ ತೂಗುತ್ತಿತ್ತು. ಪರದೆಯ ಮೇಲೆ ಒಂದು ಲಿವರ್ ಮೇಲೆ ಕೆಳಗೆ ಉಸಿರಾಡುತ್ತಿತ್ತು. ನಡುವೆ ದುಂಡಗೆ ಕಪ್ಪು.

"ಥೂ!" ಎಂದ ಚೋಯ್ಜಿಲ್. "ಯಾರದ್ದೇ ಇದು?"

"ಆಸ್ಪತ್ರೆ ಶುರುವಾದ ಮೊದಲ ವರ್ಷ ಗುಣ ಆದ ಒಬ್ರು ಕುದುರೆ ಸಾಕೋರದ್ದು, ರೆಕಾರ್ಡ್ ಮಾಡಿಟ್ಟಿದ್ದು. ಗೆಡ್ಡೆ ಬದುಕಿದ್ರೆ... ಎಲ್ರಿಗೂ ಇದನ್ನೇ ತೋರಿಸು ಅಂತಿದ್ರು ಡಾಕ್ಟರ್." ಮಿಚಿದ್ಮಾ ಅಳತೊಡಗಿದಳು.

"ಅಳ್ಬೇಡ. ಗುಂಡಿ ಒತ್ತಿದ್ದು ನಿನ್ನ ಬೆರಳು, ಕಣ್ಣು ಅತ್ರೆ ಏನು ಬಂತು?" ಎಂದಳು ನರ್ಮಂದಾಖ್.

ಪಂಚನಾಮೆ ಮುಗಿದು, ಯಂತ್ರಕ್ಕೆ ಮೊಹರು ಬಿತ್ತು. ಗಂತೊಮೊರ್‌ನನ್ನು ಬಂಧಿಸಿದರು. ಠಾಣೆಯಲ್ಲಿ ನರ್ಮಂದಾಖ್ ಅವನೆದುರು ಕೂತಳು.

"ಗೆಡ್ಡೆ ಬದುಕಿದೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಸುಡಬಹುದಿತ್ತು."

"ಆಗ ಮೊದಲನೇದು ಸೋತಿದೆ ಅಂತ ಒಪ್ಪಬೇಕಿತ್ತು." ತುಟಿ ಒರೆಸಿಕೊಂಡ. "ನನ್ನನ್ನ ಚಿನ್ನದ ಕೈ ಡಾಕ್ಟರ್ ಅಂತಾರೆ. ಒಂದ್ಸಲ ಒಬ್ಬಳಿಗೆ ನಿಜ ಹೇಳಿದೆ. ಕೊಡೋಕೆ ಅಂತ ಬಿಚ್ಚಿದ್ದ ಶಾಲನ್ನ ಅವಳು ಮಡಚಿ ವಾಪಸ್ ಚೀಲಕ್ಕೆ ಹಾಕ್ಕೊಂಡ್ಳು. ಬೈಲೂ ಇಲ್ಲ. ಆ ಮಡಚೋ ಕೈ... ಮತ್ತೊಮ್ಮೆ ನೋಡೋಕಾಗ್ತಿರಲಿಲ್ಲ ಮೇಡಂ."

ಅಷ್ಟೇ. ಒಂದು ಶಾಲು. ಹೇಳಿಕೆಯಲ್ಲಿ ಹಾಗೆಯೇ ಬರೆದುಕೊಂಡಳು.

ಸಂಜೆ ಸೋದ್ನೋಮ್ ಫೋನ್ ಮಾಡಿದ. "ಹಿಡಿದ್ರಂತೆ, ಒಳ್ಳೇದಾಯ್ತು. ಅಮ್ಮ ನಗ್ತಿದಾಳೆ. ನೀವೂ ಸಿಕ್ಕಾಗ ಒಂದು ಧೈರ್ಯದ ಮಾತು ಹೇಳಿ ಮೇಡಂ."

ಇವರೆಲ್ಲ ಸೇರಿ ಅವಳಿಗೆ ಮತ್ತೊಬ್ಬರ ಲಿವರ್ ತೋರಿಸುತ್ತಿದ್ದಾರೆ ಎನಿಸಿತು ನರ್ಮಂದಾಖ್‌ಗೆ. ಆ ಕಾರಿಡಾರಿನಲ್ಲಿ ಆಗಲಿ ಎಂದು ತಾನೂ ತಲೆಯಾಡಿಸಿದ್ದಳು. ಅಸಹ್ಯ ಈಗ ತನ್ನ ಬಾಯಲ್ಲೇ ಇತ್ತು.

"ತ್ಸೆಂಡ್‌ಸುರೆನ್ ಅಕ್ಕನ ಸಹಿ ಒಂದು ಬಾಕಿ," ಎಂದ ಚೋಯ್ಜಿಲ್. "ನಾಳೆ ಬೆಳಿಗ್ಗೆ ನಾನೇ ಹಾಕಿಸ್ಕೊಂಡು ಬರ್ಲಾ?"

"ಬೇಡ. ಆ ಮಗ ಕೆಲಸಕ್ಕೆ ಎಷ್ಟೊತ್ತಿಗೆ ಹೋಗ್ತಾನೆ?"

"ಎಂಟಕ್ಕೆ. ಯಾಕೆ?"

"ಸುಮ್ನೆ," ಎಂದಳು. ಎಂಟಾದ ಮೇಲೆ, ತ್ಸೆಂಡ್‌ಸುರೆನ್ ಒಬ್ಬಳೇ ಇರುವಾಗ, ತಾನೇ ಹೋಗುವುದೆಂದು ನಿಶ್ಚಯಿಸಿದಳು. ಅವಳ ಅಕ್ಕನ ಹಳ್ಳಿಗೆ ಹೋಗುವ ಬಸ್ಸು ಯಾವ ನಿಲ್ದಾಣದಿಂದ ಹೊರಡುತ್ತದೆ ಎಂದು ಮಾತ್ರ, ಯಾರನ್ನೂ ಕೇಳದೆ, ಫೋನಿನಲ್ಲಿ ಹುಡುಕಿ ನೋಡಿಕೊಂಡಳು.