ಏಳನೆಯ ಸಾಲು

೨೦೫೯. ಆ ನಗರದ ಒಳಚರಂಡಿ ಎರಡು ವರ್ಷದಿಂದ ಒಮ್ಮೆಯೂ ಉಕ್ಕಿರಲಿಲ್ಲ. ಪ್ರತಿ ಬೆಳಿಗ್ಗೆ ಕ್ವಾಂಟಂ ಕಂಪ್ಯೂಟರು, ಚರಂಡಿ ಎಲ್ಲಿ ಕಟ್ಟಿಕೊಳ್ಳಲಿದೆ, ಯಾವ ಮ್ಯಾನ್‌ಹೋಲಿಗೆ ಯಾವ ಸಾಧನ ಕಳಿಸಿದರೆ ಬೇಗ ತೆರವಾಗುತ್ತದೆ ಎಂದು ಪಟ್ಟಿ ಕೊಡುತ್ತಿತ್ತು. ಮಾಮೂಲಿ ಕಂಪ್ಯೂಟರು ದಾರಿಗಳನ್ನು ಒಂದೊಂದಾಗಿ ನೋಡುತ್ತದೆ. ಇದರೊಳಗೆ ದಾರಿಗಳೆಲ್ಲ ಅಲೆಗಳಂತೆ ಒಟ್ಟಿಗೇ ಎದ್ದು, ತಪ್ಪಾದವು ಒಂದನ್ನೊಂದು ಅಳಿಸಿಕೊಂಡು, ಸರಿಯಾದದ್ದು ಉಳಿಯುತ್ತದೆ.

ಅದನ್ನು ಕಟ್ಟಿದ ವಿಜ್ಞಾನಿ ಡಾ. ರಂಜಿತಾ. ಆ ದಿನ ಅತಿಥಿಗಳಿಗೆ ಪರದೆ ತೋರಿಸುತ್ತಿದ್ದಾಗ ಅವಳ ಕಣ್ಣು ಒಂದು ಕಡೆ ನಿಂತುಬಿಟ್ಟಿತು. ‘ಕುಂಬಾರ ಗಲ್ಲಿ. ಸಾಧನ: ಲೇಬರ್. ಅವಧಿ: ಹದಿನೆಂಟು ನಿಮಿಷ. ಕೆಲಸ ನಡೆಯುತ್ತಿದೆ.’

ಲೇಬರ್ ಎಂದರೆ ಮನುಷ್ಯ.

ನಗರಪಾಲಿಕೆ ಕಳಿಸಿದ್ದ ಸಾಧನಗಳ ಪಟ್ಟಿಯಲ್ಲಿ ನೀರು ಚಿಮ್ಮುವ ಜೆಟ್ಟಿಂಗ್ ಲಾರಿ, ಕೊಳಚೆ ಹೀರುವ ಸಕ್ಕಿಂಗ್ ಲಾರಿ, ಪಂಪುಗಳ ಕೆಳಗೆ ಏಳನೆಯ ಸಾಲಾಗಿ ಅದಿತ್ತು. ತೆಗೆಯೋಣವೇ ಎಂದು ಯಂತ್ರ ಕಟ್ಟುವಾಗಲೇ ಕೇಳಿದ್ದಳು. ಪ್ರಯೋಗಾಲಯದ ನಿರ್ದೇಶಕ ಶ್ರೀಕರ ನಕ್ಕಿದ್ದರು. “ಈಗ ಯಾರ್ರೀ ಇಳೀತಾರೆ? ಇರ್ಲಿ ಬಿಡಿ, ಅದರ ಪಾಡಿಗೆ.”

ಇಳಿಯುತ್ತಾರೆ ಎನ್ನಬೇಕಾದರೆ ತನಗೆ ಹೇಗೆ ಗೊತ್ತು ಎಂದೂ ಹೇಳಬೇಕಿತ್ತು. ಅಪ್ಪ ನಗರಪಾಲಿಕೆಯ ಹೆಲ್ತ್ ಡಿಪಾರ್ಟ್‌ಮೆಂಟಿನಲ್ಲಿದ್ದರು ಎಂದಷ್ಟೇ ಪ್ರಯೋಗಾಲಯಕ್ಕೆ ಗೊತ್ತು. ಅದು ಸುಳ್ಳೂ ಅಲ್ಲ. ಆ ಇಲಾಖೆಯ ಚರಂಡಿ ಗುಂಡಿಗಳಿಗೆ ಇಳಿದೇ ಅಪ್ಪ ಅವಳನ್ನು ಓದಿಸಿದ್ದು. ಅವಳು ಬಾಯಿ ಮುಚ್ಚಿಕೊಂಡಳು. ಎರಡು ವರ್ಷ ಪಟ್ಟಿಯ ಆ ಭಾಗವನ್ನು ತೆರೆದು ನೋಡಲೂ ಇಲ್ಲ.

ಯಂತ್ರದ ಲೆಕ್ಕ ತಪ್ಪಾಗಿರಲಿಲ್ಲ. ಕಿರಿದಾದ ಗಲ್ಲಿಗೆ ಲಾರಿ ನುಗ್ಗುವುದಿಲ್ಲ, ಮನುಷ್ಯ ನುಗ್ಗುತ್ತಾನೆ.

ಅತಿಥಿಗಳನ್ನು ಅಲ್ಲೇ ಬಿಟ್ಟು ಅವಳು ಗಲ್ಲಿಗೆ ಓಡಿದಳು. ಅಷ್ಟರಲ್ಲಿ ಆಳು ಇಳಿದು ಇಪ್ಪತ್ತಾರು ನಿಮಿಷವಾಗಿತ್ತು. ಹಗ್ಗ ಹಿಡಿದ ಇಬ್ಬರು “ಗಂಗುಲಪ್ಪಾ” ಎಂದು ಕೂಗುತ್ತಿದ್ದರು. ಒಳಗಿಂದ ದನಿಯಿಲ್ಲ. ಅವಳೂ ಹಗ್ಗಕ್ಕೆ ಕೈ ಹಾಕಿದಳು. ಮೇಲೆ ಬಂದ ಮುದುಕ ರಸ್ತೆಯ ಮೇಲೆ ಬಿದ್ದುಕೊಂಡು ಬಹಳ ಹೊತ್ತು ಕೆಮ್ಮಿದ. ಉಸಿರು ಮರಳಿದ ಮೇಲೆ ಅವಳ ಕೊರಳಿನ ಗುರುತಿನ ಚೀಟಿ ನೋಡಿದ.

“ಆಫೀಸರಮ್ಮ ಮೂಗು ಮುಚ್ಕೊಂಡಿಲ್ವಲ್ರೋ,” ಎಂದ ಹಗ್ಗದವರಿಗೆ. ಆಮೇಲೆ ಅವಳನ್ನೇ ಕೇಳಿದ. “ಯಾರ ಮಗಳವ್ವ ನೀನು?”

ಅವಳು ಅಪ್ಪನ ಹೆಸರು ಹೇಳಿದಳು.

“ಮುನಿಶಾಮಿ ಮಗಳಾ? ಅವನಿಗೆ ಹಗ್ಗ ಹಿಡೀತಿದ್ದೋನೇ ನಾನು.” ಅವನ ಮುಖವೆಲ್ಲ ಹೆಮ್ಮೆಯಿಂದ ಅರಳಿತು. “ಈಗೇನವ್ವ ಕೆಲ್ಸ ನಿಂದು?”

“ನಿಮ್ಮನ್ನ ಇಳಿಸೋ ಪಟ್ಟಿ ಮಾಡ್ತೀನಿ.”

ಅವಳ ಕೈ ಹಿಡಿದು ಏಳಲು ಹೊರಟ ಗಂಗುಲಪ್ಪ ಕೈಬಿಟ್ಟು ತಾನಾಗಿಯೇ ಎದ್ದ.

ಮರುದಿನ ಅವಳು ಪ್ರಯೋಗಾಲಯದಲ್ಲಿ ಎಲ್ಲರೆದುರು ಅಪ್ಪನ ಕೆಲಸ ಏನೆಂದು ಹೇಳಿ ಏಳನೆಯ ಸಾಲನ್ನು ಅಳಿಸಿದಳು. ಕುಂಬಾರ ಗಲ್ಲಿಗೆ ಯಂತ್ರ ‘ಉತ್ತರವಿಲ್ಲ’ ಎಂದಿತು. ಹಾಗಾದರೆ ಇಡೀ ಗಲ್ಲಿ ಅಗೆಯಬೇಕಾಗುತ್ತಲ್ಲ ಎಂದು ಶ್ರೀಕರ ಗೊಣಗಿದರು. ಅಗೆಯಬೇಕು ಎಂದಳು.

ಇಷ್ಟು ತಿಳಿಯಲು ಕ್ವಾಂಟಂ ಕಂಪ್ಯೂಟರು ಬೇಕಿರಲಿಲ್ಲ. ಮನುಷ್ಯನನ್ನು ಗುಂಡಿಗೆ ಇಳಿಸಬಾರದೆಂಬ ಕಾನೂನು ಅವಳು ಹುಟ್ಟುವ ಮೊದಲೇ, ನಮ್ಮ ಕಾಲದಲ್ಲೇ ಬರೆದಾಗಿತ್ತು. ಅದನ್ನು ಓದಿಯೂ, ತೆರೆದ ಮುಚ್ಚಳದ ಪಕ್ಕದಲ್ಲಿ ಮೂಗು ಹಿಡಿದು ದಾಟಿಹೋದವರು ನಾವು.