ಒಂಟಿ ಕಾರ್ಡಿಗೊಂದು ಜೋಡಿ

ಅಂಗೈಯಗಲದ ಜೀವಚಿತ್ರಕ ಗಾಜಿನ ಪೆಟ್ಟಿಗೆಯೊಳಗೆ ತಿಳಿಹಸಿರು ದ್ರವದಲ್ಲಿ ಮುಳುಗಿ ಕುಳಿತು ಬಂಡಿಯ ಗಾಲಿ ಬಿಡಿಸುತ್ತಿತ್ತು. ಗೋಡೆಯ ಪರದೆಯ ಮೇಲೆ ಆ ಗಾಲಿ ಒಂದು ಸುತ್ತು ತಿರುಗಿತು, ನಿಂತಿತು, ಏನನ್ನೋ ನೆನಪಿಸಿಕೊಂಡಂತೆ ಮತ್ತೆ ಅರ್ಧ ಸುತ್ತು ತಿರುಗಿತು. ಎತ್ತುಗಳ ಕಾಲುಗಳು ಮುಂದೆ ಹೋದವು. ಎತ್ತುಗಳು ತುಸು ತಡವಾಗಿ ಅವುಗಳ ಹಿಂದೆ ಬಂದವು.

"ಇದು ಓಟಾನೊ ತಮ್ಮಾ, ಮೆರವಣಿಗಿನೊ?" ಎಂದು ಸಾವಂತ್ರವ್ವ ಕೈಯೊಳಗಿನ ಆಟದ ಹಗ್ಗವನ್ನು ಕೆಳಗಿಟ್ಟಳು.

ಅವಳ ತಮ್ಮ ಮುದಕಪ್ಪ ಪೆಟ್ಟಿಗೆಯ ಗಾಜು ಒರೆಸಿದ. ಚಿಕ್ಕಹಂಚಿನಾಳದ ಆಟದ ಮನೆಯಲ್ಲಿ ಹಗ್ಗ ಹಿಡಿದು ಪರದೆಯ ಬಂಡಿ ಓಡಿಸುವವಳು ಅಕ್ಕ, ಯಂತ್ರ ನೋಡಿಕೊಳ್ಳುವವನು ತಮ್ಮ. ಹಿಂದೆ ಅವನು ಓಟದ ಎತ್ತುಗಳನ್ನು ಪಳಗಿಸುತ್ತಿದ್ದವನು. ಯಂತ್ರಕ್ಕೂ ಮೇವು ನೀರು ಬೇಕೆಂದು ತಿಳಿದಾಗ ಊರಿನವರು ಬೇರೆ ಯಾರನ್ನೂ ಹುಡುಕಲಿಲ್ಲ.

ಆ ಕಾಲಕ್ಕೆ ಊರೂರ ನಡುವಿನ ಸಣ್ಣ ತಂಟೆಗಳನ್ನು ಕೋರ್ಟಿಗೆ ಒಯ್ಯುವ ರೂಢಿ ನಿಂತುಹೋಗಿತ್ತು. ಎರಡೂ ಕಡೆಯವರು ಒಪ್ಪಿದ ಆಟದಲ್ಲಿ ಗೆದ್ದವರ ಮಾತೇ ಮಾತು. ಈಗ ಗದಗಿಗೆ ಹೋಗುವ ಹೊಸ ಬಸ್ಸು, ಚಾಲಕನಿಲ್ಲದ್ದು, ಈ ದಾರಿಯಲ್ಲಿ ಒಂದೇ ಕಡೆ ನಿಲ್ಲುತ್ತದೆಂದು ಸಾರಿಗೆಯವರು ಹೇಳಿದ್ದರು. ಎಲ್ಲೆಂಬುದನ್ನು ಪರದೆಯ ಮೇಲಿನ ಬಂಡಿ ಓಟಕ್ಕೆ ಬಿಟ್ಟಿದ್ದರು. ಗೆದ್ದರೆ ಚಿಕ್ಕಹಂಚಿನಾಳದ ಅಗಸಿಯ, ಊರಬಾಗಿಲಿನ, ಮುಂದೆ. ಸೋತರೆ ಎರಡು ಮೈಲಿ ಆಚೆಗಿನ ಬೂದನಕೊಪ್ಪದ ಅಗಸಿಯ ಮುಂದೆ. ಸಾವಂತ್ರವ್ವ ದಿನಾ ಇನ್ನೂರು ಜೋಳದ ರೊಟ್ಟಿ ಬಡಿದು ಬುಟ್ಟಿ ಹೊತ್ತು ಗದಗಿನ ಖಾನಾವಳಿಗಳಿಗೆ ಒಯ್ಯುವವಳು. ಅರವತ್ತೆರಡರ ಅವಳ ಮೊಣಕಾಲುಗಳು ಒಂದಕ್ಕೊಂದು ಮಾತು ಬಿಟ್ಟು ವರ್ಷವಾಗಿತ್ತು. ಎರಡು ಮೈಲಿ ಅಂದರೆ ಅವಳಿಗೆ ರೊಟ್ಟಿಯ ಕಾಯಕ ಬಿಟ್ಟಂತೆಯೇ. ಓಟಕ್ಕೆ ಇನ್ನು ಮೂರು ದಿನವಿತ್ತು.

ಜೀವಚಿತ್ರಕವೆಂದರೆ ಬೆಳೆಸಿದ ಗ್ರಾಫಿಕ್ಸ್ ಕಾರ್ಡು. ಹಳೆಯ ಕಾರ್ಡುಗಳು ಹೇಳಿದಷ್ಟನ್ನೇ ಮಾಡುತ್ತಿದ್ದವು. ಇದು ಜೀವಕೋಶಗಳ ಹಾಳೆ. ಬೆಲ್ಲದ ನೀರು ಕುಡಿದು, ನೋಡಿದ್ದನ್ನು ಕಲಿತು, ಸೆಕೆಂಡಿಗೆ ತೊಂಬತ್ತು ಚಿತ್ರ ಬಿಡಿಸಿ ಆಟವನ್ನು ಕಣ್ಣಿಗೆ ಕಟ್ಟಿಕೊಡುತ್ತದೆ. ಅದರ ಕೆಲಸದ ಲಯಕ್ಕೆ ಮಿಡಿತ ಎನ್ನುತ್ತಾರೆ. ಕಾರ್ಡು ತಯಾರಿಸಿದವರು ಹಾಕಿದ ಗೆರೆಗಿಂತ ಮಿಡಿತವನ್ನು ಮೇಲೇರಿಸಿದರೆ ಅದು ಅತಿಮಿಡಿತ. ಪೇಟೆಯವರು ಈಗಲೂ ಅದನ್ನು ಹಳೆಯ ಹೆಸರಿನಿಂದ ಓವರ್‌ಕ್ಲಾಕಿಂಗ್ ಎಂದೇ ಕರೆಯುತ್ತಾರೆ. ಇಪ್ಪತ್ತು ದಿನದ ಹಿಂದೆ ಮುದಕಪ್ಪ ಮಿಡಿತವನ್ನು ಮೂರನೇ ಒಂದು ಪಾಲು ಏರಿಸಿದ್ದ. ಚಿತ್ರಗಳು ನೂರಿಪ್ಪತ್ತಕ್ಕೆ ಏರಬೇಕಿತ್ತು. ಮೂವತ್ತೆಂಟಕ್ಕೆ ಇಳಿದಿದ್ದವು.

ಮರುದಿನ ಧಾರವಾಡದಿಂದ ಡಾ. ಶರ್ಮಿಷ್ಠಾ ನಾಡಿಗೇರ ಬಂದಳು. ಜೀವಚಿತ್ರಕವನ್ನು ಮೊದಲು ಬೆಳೆಸಿದ ತಂಡದಲ್ಲಿದ್ದವಳು. ಬಂದವಳೇ ದ್ರವಕ್ಕೆ ಉಷ್ಣಮಾಪಕ ಇಳಿಬಿಟ್ಟಳು. ಕಾರ್ಡು ಬಿಸಿಯಾದರೆ ಸುಟ್ಟುಕೊಳ್ಳದಿರಲು ತಾನೇ ನಿಧಾನವಾಗುತ್ತದೆ ಎಂದು ವಿವರಿಸಿದಳು. ಬಿಸಿಯಾಗಿರಲಿಲ್ಲ. ಅತಿಮಿಡಿತಕ್ಕೆ ವಿದ್ಯುತ್ತು ಸಾಲದಿದ್ದರೂ ಹೀಗಾಗುತ್ತದೆ ಎಂದಳು. ವಿದ್ಯುತ್ತು ಸಾಕಷ್ಟಿತ್ತು. ನೆನಪಿನ ಭಾಗವನ್ನು ವಿಪರೀತ ಓಡಿಸಿದರೆ ತಪ್ಪು ಮಾಡಿ, ತಿದ್ದಿ, ಮತ್ತೆ ಮಾಡಿ ಹೊತ್ತು ಕಳೆಯುತ್ತದೆ ಎಂದು ಅದನ್ನೂ ನೋಡಿದಳು. ತಪ್ಪುಗಳಿರಲಿಲ್ಲ. ಕೊನೆಗೆ ಮಿಡಿತವನ್ನೇ ಮೊದಲಿನ ಮಟ್ಟಕ್ಕೆ ಇಳಿಸಿದಳು. ಪರದೆಯ ಮೂಲೆಯ ಅಂಕಿ ಮೂವತ್ತೆಂಟರಲ್ಲೇ ನಿಂತಿತ್ತು.

ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. "ಕಾಕಾ, ಅತಿಮಿಡಿತದ್ದಲ್ಲ ತಪ್ಪು. ಅವತ್ತು ನೀವು ಮತ್ತೇನರ ಮಾಡೀರಿ. ನೆನಪ ಮಾಡಿಕೊಳ್ರಿ."

ಮುದಕಪ್ಪ ಏನೂ ಮಾಡಿಲ್ಲವೆಂದ. ಹೊತ್ತಿಗೆ ಸರಿಯಾಗಿ ಬೆಲ್ಲದ ನೀರು, ಅಮಾವಾಸ್ಯೆಗೆ ಒಂದು ಹನಿ ಎಳ್ಳೆಣ್ಣೆ, ಅಷ್ಟೇ ಎಂದ. ಎಳ್ಳೆಣ್ಣೆ ಎಂದಾಗ ಡಾಕ್ಟರು ಒಂದು ಕ್ಷಣ ಕಣ್ಣು ಮುಚ್ಚಿ ತೆರೆದಳು. ಆಮೇಲೆ, ಹೇಳುವಂಥದ್ದೇನೂ ಅಲ್ಲವೆಂಬಂತೆ, ಪೆಟ್ಟಿಗೆಯ ಹಿಂದಿನ ಕಂಬಳಿಯ ಚೂರನ್ನು ಅವನು ಸರಿಸಿದ. ಅಲ್ಲಿ ಇನ್ನೊಂದು ಪೆಟ್ಟಿಗೆ. ಅದರಲ್ಲಿ ಮಸುಕು ಬಣ್ಣದ, ಅಂಚು ಸುರುಟಿಕೊಂಡ ಹಳೆಯ ಜೀವಚಿತ್ರಕ. ಪಂಚಾಯತಿಯಲ್ಲಿ ಒಂಬತ್ತು ವರ್ಷ ಹೊಲದ ನಕಾಶೆ ಬಿಡಿಸಿ ನಿವೃತ್ತವಾದದ್ದು. ಎರಡರ ನಡುವೆ ಒಂದು ದಪ್ಪ ತಂತಿ.

"ಒಂಟಿ ಎತ್ತಿಗೆ ಹೆಚ್ಚಿನ ಭಾರ ಹೇರಬಾರದ್ರಿ ಬಾಯಾರ," ಎಂದ ಮುದಕಪ್ಪ. "ಮಿಡಿತಾ ಏರಿಸಿದ ದಿನಾನ ಜೋಡಿ ಕಟ್ಟೀನಿ."

ಡಾಕ್ಟರು ಸ್ಟೂಲಿನ ಮೇಲೆ ಕುಳಿತು ನಿಧಾನವಾಗಿ ಬಿಡಿಸಿ ಹೇಳಿದಳು. ಜೋಡಿ ಕಟ್ಟಿದರೆ ಪ್ರತಿ ಚಿತ್ರದ ಅರ್ಧ ಒಂದರ ಪಾಲಿಗೆ, ಅರ್ಧ ಇನ್ನೊಂದರ ಪಾಲಿಗೆ. ಹೊಸದು ತನ್ನ ಪಾಲನ್ನು ಚಕ್ಕನೆ ಮುಗಿಸಿ ಹಳೆಯದಕ್ಕಾಗಿ ಕಾಯುತ್ತ ಕೂರುತ್ತದೆ. ಎಷ್ಟು ಮಿಡಿತ ಏರಿಸಿದರೂ ಅಷ್ಟೇ, ಬೇಗ ಮುಗಿಸಿ ಹೆಚ್ಚು ಹೊತ್ತು ಕಾಯುತ್ತದೆ. ಆದರೂ ಒಂದು ಮಾತು ಅವಳಿಗೆ ತಿಳಿಯಲಿಲ್ಲ. ಜೀವಚಿತ್ರಕಕ್ಕೆ ತಾಳ್ಮೆ ಇರುವುದಿಲ್ಲ. ಜೊತೆಯದು ತಡಮಾಡಿದರೆ ಅದರ ಪಾಲನ್ನೂ ತಾನೇ ಬಿಡಿಸಿಬಿಡಬೇಕಿತ್ತು.

"ಮೊದಲ ಹಂಗ ಮಾಡತಿತ್ರಿ," ಎಂದ ಮುದಕಪ್ಪ, ತುಸು ಹೆಮ್ಮೆಯಿಂದಲೇ. "ಒಂದ ಎತ್ತು ಮುಂದ ನುಗ್ಗಿದರ ನೊಗ ವಾರಿ ಆಗತೈತಿ. ನುಗ್ಗಿದಾಗೆಲ್ಲ ಬೆಲ್ಲದ ನೀರ ಬಂದ್ ಮಾಡಿದೆ. ಇಪ್ಪತ್ತ ದಿನದಾಗ ತಿದ್ದಿಕೊಂಡೈತಿ. ಜಾಣ ಐತ್ರಿ."

"ನನ್ನ ಕಾಲು ಹೋದುವು," ಎಂದಳು ಸಾವಂತ್ರವ್ವ. "ಇವನ ಜಾಣ ನನ್ನ ಹೊತಗೊಂಡ ಗದಗಿಗೆ ಹೋಗತೈತೇನು ಕೇಳ್ರಿ."

ತಂತಿ ಬಿಚ್ಚಿ ಮಿಡಿತವನ್ನು ಮತ್ತೆ ಏರಿಸಿದರು. ಡಾಕ್ಟರು ನೂರಿಪ್ಪತ್ತನ್ನು ನಿರೀಕ್ಷಿಸಿ ಪರದೆ ನೋಡಿದಳು. ಆಕಾಶ ಮೂಡಿತು, ಖಾಲಿ ಹೊಲ ಮೂಡಿತು, ಅಲ್ಲಿಗೆ ನಿಂತಿತು. ಬಂಡಿ ಬರಲಿಲ್ಲ. ಸಂಜೆಯವರೆಗೆ ಕಾದರೂ ಆ ಕಾರ್ಡು ಎತ್ತಿನ ಒಂದು ಬಾಲವನ್ನೂ ಬಿಡಿಸಲಿಲ್ಲ. ಬೆಲ್ಲದ ನೀರನ್ನೂ ಮುಟ್ಟಲಿಲ್ಲ. ಇದು ಸಾಧ್ಯವೇ ಇಲ್ಲ ಎಂದು ಡಾಕ್ಟರು ಮೂರು ಸಲ ಹೇಳಿದಳು. ತನ್ನ ಮಾವನ ಮನೆಯ ಎತ್ತೂ ಜೊತೆಯದು ಸತ್ತಾಗ ಹೀಗೇ ಮಾಡಿತ್ತು ಎಂದು ಸಾವಂತ್ರವ್ವ ನೆನೆದಳು. ಮುದಕಪ್ಪ ಯಾರನ್ನೂ ಕೇಳದೆ ತಂತಿಯನ್ನು ಮತ್ತೆ ಸಿಕ್ಕಿಸಿದ. ಗಾಲಿ ಮೂಡಿತು, ಒಂದು ಸುತ್ತು ತಿರುಗಿತು, ನಿಂತಿತು.

ಓಟದ ದಿನ ಹಾಗೇ ಆಡಬೇಕಾಯಿತು. ಬೂದನಕೊಪ್ಪದ ಫಕ್ಕೀರಗೌಡ ತನ್ನೂರಿನಲ್ಲೇ ಕುಳಿತು, ಜಾಲದ ಮೂಲಕ ಸೆಕೆಂಡಿಗೆ ನೂರನಲವತ್ತು ಚಿತ್ರಗಳ ವೇಗದಲ್ಲಿ ಬಂಡಿ ಬಿಟ್ಟ. ಮೊದಲ ಅರ್ಧ ಹಾದಿಯಲ್ಲಿ ಅವನ ಧೂಳಷ್ಟೇ ಸಾವಂತ್ರವ್ವನಿಗೆ ಕಂಡಿತು. ಅವಳು ಹಗ್ಗ ಬಿಡಲಿಲ್ಲ, ಬೈಗುಳವನ್ನೂ ನಿಲ್ಲಿಸಲಿಲ್ಲ. ಹುಣಸೆಮರದ ತಿರುವಿನಲ್ಲಿ ಧೂಳು ತೆಳುವಾಯಿತು. ಫಕ್ಕೀರಗೌಡನ ಬಂಡಿ ದಾರಿಯ ನಡುವೆ ನಿಂತು ಹಿಂದೆ ನೋಡುತ್ತಿತ್ತು. ಸಾವಂತ್ರವ್ವನ ಬಂಡಿ ಬಂದು ಸರಿಸಮ ಆದ ಮೇಲೆ ಅದೂ ಹೊರಟಿತು. ಅವನು ಚಾಟಿ ಬೀಸಿದ ಸದ್ದು ಕೇಳುತ್ತಿತ್ತು, ಬೈದದ್ದು ಅದಕ್ಕಿಂತ ಚೆನ್ನಾಗಿ ಕೇಳುತ್ತಿತ್ತು. ಎರಡು ಬಂಡಿಗಳೂ, ಅತ್ತೆಮನೆಗೆ ಹೊರಟ ಹೊಸ ಜೋಡಿಯಂತೆ, ಗೆರೆಯನ್ನು ಒಟ್ಟಿಗೇ ದಾಟಿದವು.

ಸಾರಿಗೆಯವರ ತೀರ್ಮಾನ ಮರುದಿನ ಬಂತು. ಯಾರೂ ಗೆದ್ದಿಲ್ಲ, ಆದ್ದರಿಂದ ಯಾವ ಊರಿನ ಮುಂದೆಯೂ ಬಸ್ಸು ನಿಲ್ಲುವುದಿಲ್ಲ. ಮುಂದಿನ ನಿಲ್ದಾಣ ನಾಲ್ಕು ಮೈಲಿ.

ಮಾರನೆಯ ಬೆಳಿಗ್ಗೆ ಸಾವಂತ್ರವ್ವ ಎಂದಿನಂತೆ ಇನ್ನೂರು ರೊಟ್ಟಿ ಬಡಿದಳು, ಬುಟ್ಟಿ ತಲೆಗೆ ಏರಿಸಿದಳು, ನಡೆದಳು. ಮುದಕಪ್ಪ ಅರ್ಧದಷ್ಟು ರೊಟ್ಟಿಗಳನ್ನು ಬೇರೆ ಗಂಟು ಕಟ್ಟಿಕೊಂಡು ತಲೆ ತಗ್ಗಿಸಿ ಹಿಂದೆ ಹೊರಟ. ಅರ್ಧ ಮೈಲಿ ಹೋಗಿರಲಿಲ್ಲ, ಹಿಂದಿನಿಂದ ಬಸ್ಸು ಬಂತು. ಅವರು ರಸ್ತೆಯಂಚಿಗೆ ಸರಿದರು. ಬಸ್ಸು ಹೋಗಲಿಲ್ಲ. ಸಾವಂತ್ರವ್ವನ ಪಕ್ಕಕ್ಕೆ ಬಂದು, ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಅವಳಷ್ಟೇ ಕುಂಟುತ್ತ ನಡೆಯತೊಡಗಿತು. ಅವಳು ನಿಂತಳು. ಅದೂ ನಿಂತಿತು. ನಿಂತ ಬಸ್ಸಿನ ಬಾಗಿಲು ತೆರೆಯಲೇಬೇಕೆಂಬುದು ಅದಕ್ಕೆ ಹುಟ್ಟಿನಿಂದ ಗೊತ್ತಿದ್ದ ನಿಯಮ, ತೆರೆಯಿತು.

"ಏರು ಅಕ್ಕಾ," ಎಂದ ಮುದಕಪ್ಪ, "ಜೋಡಿ ಅಂತ ತಿಳಕೊಂಡೈತಿ."

ತಿಳಿದುಕೊಂಡದ್ದು ಹೇಗೆಂದು ಡಾಕ್ಟರು ವಾರದ ಮೇಲೆ ಪತ್ತೆಹಚ್ಚಿದಳು. ಬಸ್ಸುಗಳ ಕಣ್ಣೂ ಜೀವಚಿತ್ರಕವೇ. ದೊಡ್ಡ ಓಟಗಳ ದಿನ ಜಾಲಕ್ಕೆ ಚಿತ್ರ ಬಿಡಿಸುವ ಬಲ ಸಾಲದಾದಾಗ ರಸ್ತೆಯ ಮೇಲಿನ ಬಸ್ಸುಗಳಿಂದಲೂ ತುಸು ಬಲವನ್ನು ಎರವಲು ತರುತ್ತಿದ್ದರು. ಅವತ್ತು ಬಲದ ಜೊತೆ ಕಾಯುವ ಪಾಠವೂ ಫಕ್ಕೀರಗೌಡನ ಕಾರ್ಡಿಗೆ, ಬಸ್ಸುಗಳಿಗೆ ಹೋಗಿತ್ತು. ಅಷ್ಟರಲ್ಲಿ ನಾಡಿನ ಯಾವ ಬಸ್ಸೂ ನಡೆಯುವವರನ್ನು ಹಿಂದೆ ಹಾಕಿ ಹೋಗಲು ಒಪ್ಪುತ್ತಿರಲಿಲ್ಲ. ಎಲ್ಲ ಬಸ್ಸುಗಳೂ ತಡವಾಗಿ ಬರುತ್ತಿದ್ದವು. ಬಸ್ಸು ತಪ್ಪಿತು ಎನ್ನುವವರು ಮಾತ್ರ ಒಬ್ಬರೂ ಇರಲಿಲ್ಲ.

ಇದನ್ನು ಸರಿಪಡಿಸಲೆಂದು ಡಾಕ್ಟರನ್ನು ಗದಗಿಗೆ ಕರೆಸಿದರು. ಮುದಕಪ್ಪನೂ ಬೇಕೆಂದು ಅವಳೇ ಚಿಕ್ಕಹಂಚಿನಾಳಕ್ಕೆ ಬಂದು ಅಕ್ಕ ತಮ್ಮಂದಿರ ಜೊತೆ ಬಸ್ಸು ಹತ್ತಿದಳು. ಸ್ವಲ್ಪ ದೂರದಲ್ಲಿ ಮುನ್ನೂರು ಕುರಿಗಳ ಹಿಂಡು ಅದೇ ದಿಕ್ಕಿಗೆ ಹೊರಟಿತ್ತು. ಬಸ್ಸು ಅದರ ಪಕ್ಕಕ್ಕೆ ಹೋಗಿ, ಕೊನೆಯ ಕುಂಟು ಮರಿಗೆ ಸಮನಾಗಿ ನಡೆಯಿತು. ಒಂದು ಗಂಟೆಯ ಮೇಲೆ ಎಲ್ಲರಿಗೂ ಹಸಿವಾಯಿತು. ಸಾವಂತ್ರವ್ವ ಬುಟ್ಟಿ ಬಿಚ್ಚಿದಳು, ಕುರಿಯವನಿಗೂ ಕಿಟಕಿಯಿಂದ ಎರಡು ರೊಟ್ಟಿ ಕೊಟ್ಟಳು.

ಡಾಕ್ಟರು ರೊಟ್ಟಿ ಮುರಿಯುತ್ತ, ಈ ಚಾಳಿ ಬಿಡಿಸುವುದು ಹೇಗೆಂದು ಮುದಕಪ್ಪನನ್ನು ಕೇಳಿದಳು.

"ಕಲಿಸೂದು ಗೊತ್ತೈತ್ರಿ ಬಾಯಾರ," ಎಂದ. "ಕಾಯೂದ ಕಲತದ್ದನ್ನ ಮರಸೂದು ನಮ್ಮ ಮನಿತನದಾಗ ಯಾರೂ ಮಾಡಿಲ್ಲ."

ಕುರಿಗಳು ಹಳ್ಳಕ್ಕೆ ನೀರು ಕುಡಿಯಲು ಇಳಿದವು. ಬಸ್ಸು ದಂಡೆಯಲ್ಲಿ ನಿಂತು ಬಾಗಿಲು ತೆರೆಯಿತು.